ಆನ್ಸೆಲ್ ಆಡಮ್ಸ್

ಆನ್ಸೆಲ್ ಈಸ್ಟನ್ ಆಡಮ್ಸ್ (ಫೆಬ್ರವರಿ ೨೦, ೧೯೦೨ – ಏಪ್ರಿಲ್ ೨೨, ೧೯೮೪) ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಸಿದ್ಧ ಛಾಯಾಗ್ರಾಹಕರು, ಛಾಯಾಗ್ರಹಣದ ಬೋಧಕರು ಹಾಗೂ ನಿಸರ್ಗ ಸಂರಕ್ಷಣೆಗಾಗಿ ದುಡಿದವರು. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆ ಮತ್ತು ಸಿಯೆರಾ ನೆವಾಡ ಪರ್ವತಶ್ರೇಣಿಯ ಕಪ್ಪು-ಬಿಳುಪು ಛಾಯಾಚಿತ್ರಗಳಿಂದ ಇವರು ಜಗತ್ತಿಗೆ ಪರಿಚಿತರಾದರು. ಛಾಯಾಗ್ರಹಣವನ್ನು ಲಲಿತಕಲೆಯೆಂದು ವಸ್ತುಸಂಗ್ರಹಾಲಯಗಳು ಒಪ್ಪಿಕೊಳ್ಳುವಂತೆ ಮಾಡಿದವರಲ್ಲಿ ಇವರು ಪ್ರಮುಖರು. ಕ್ಯಾಮೆರಾದ ಗುಂಡಿ ಒತ್ತಿದ ಮಾತ್ರಕ್ಕೆ ಚಿತ್ರ ಸಿದ್ಧವಾಗುವುದಿಲ್ಲ, ಕತ್ತಲೆ ಕೋಣೆಯಲ್ಲಿ ಕಾಗದದ ಮೇಲೆ ಅದನ್ನು ಮೂಡಿಸುವ ಕೆಲಸವೂ ಕಲೆಯ ಅಷ್ಟೇ ಮುಖ್ಯವಾದ ಭಾಗ ಎಂಬುದು ಇವರ ನಿಲುವಾಗಿತ್ತು. ಇವರ ಚಿತ್ರಗಳು, ಇವರು ರೂಪಿಸಿದ ವಲಯ ಪದ್ಧತಿ ಹಾಗೂ ಇವರ ಪಠ್ಯಗ್ರಂಥಗಳು ಈ ನಿಲುವಿನಿಂದಲೇ ಹುಟ್ಟಿದವು.

ಜನನ ಮತ್ತು ಬಾಲ್ಯ

ಆಡಮ್ಸ್ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಚಾರ್ಲ್ಸ್ ಹಿಚ್‌ಕಾಕ್ ಆಡಮ್ಸ್ ಮತ್ತು ಆಲಿವ್ ಬ್ರೇ ದಂಪತಿಗಳ ಏಕೈಕ ಪುತ್ರರಾಗಿ ಜನಿಸಿದರು. ತಾತನವರು ಮರಮುಟ್ಟಿನ ವ್ಯಾಪಾರದಲ್ಲಿ ಸಾಕಷ್ಟು ಸಂಪಾದಿಸಿದ್ದರು. ಗೋಲ್ಡನ್ ಗೇಟ್ ಜಲಸಂಧಿಗೆ ಸಮೀಪದ ಮರಳುದಿಬ್ಬಗಳ ನಡುವೆ ಕುಟುಂಬದ ಮನೆಯಿತ್ತು. ೧೯೦೬ರ ಏಪ್ರಿಲ್ ೧೮ರಂದು ಸಂಭವಿಸಿದ ಮಹಾಭೂಕಂಪದಲ್ಲಿ ಬಾಲಕ ಆನ್ಸೆಲ್‌ಗೆ ಏನೂ ಆಗಲಿಲ್ಲ. ಆದರೆ ಕೆಲವು ಗಂಟೆಗಳ ನಂತರದ ಮರುಕಂಪನದಲ್ಲಿ ತೋಟದ ಗೋಡೆಗೆ ಬಡಿದು ಮೂಗು ಮುರಿಯಿತು. ಅದನ್ನು ಸರಿಪಡಿಸಲಿಲ್ಲವಾದ್ದರಿಂದ ಮೂಗು ಜೀವನಪೂರ್ತಿ ಸೊಟ್ಟಗೇ ಉಳಿಯಿತು. ೧೯೦೭ರಲ್ಲಿ ತಾತ ತೀರಿಕೊಂಡರು. ಅದೇ ವರ್ಷದ ಆರ್ಥಿಕ ಬಿಕ್ಕಟ್ಟಿನ ನಂತರ ಕುಟುಂಬದ ಸಂಪತ್ತು ಕರಗಿಹೋಯಿತು.

ಒಂದೆಡೆ ಸುಮ್ಮನೆ ಕುಳಿತಿರಲಾರದ ಸ್ವಭಾವದ ಈ ಹುಡುಗನಿಗೆ ಯಾವ ಶಾಲೆಯೂ ಒಗ್ಗಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ತಂದೆ ಆತನನ್ನು ಶಾಲೆಯಿಂದ ಬಿಡಿಸಿ ಮನೆಯಲ್ಲಿಯೇ ಪಾಠದ ಏರ್ಪಾಡು ಮಾಡಿದರು. ೧೯೧೫ರಲ್ಲಿ ನಗರದಲ್ಲಿ ನಡೆದ ಪನಾಮಾ-ಪೆಸಿಫಿಕ್ ಅಂತರರಾಷ್ಟ್ರೀಯ ವಸ್ತುಪ್ರದರ್ಶನಕ್ಕೆ ವರ್ಷದ ಪ್ರವೇಶಪತ್ರ ಕೊಡಿಸಿ, ಅದನ್ನೇ ಶಾಲೆಯೆಂದು ತಿಳಿದು ದಿನವೂ ಹೋಗಿಬರುವಂತೆ ಹೇಳಿದರು. ನಂತರ ಮತ್ತೆ ಶಾಲೆಗೆ ಸೇರಿ ಎಂಟನೆಯ ತರಗತಿ ಮುಗಿಸಿದ್ದೇ ಆಡಮ್ಸರ ಔಪಚಾರಿಕ ವಿದ್ಯಾಭ್ಯಾಸದ ಕೊನೆ. ಹಣದ ಮುಗ್ಗಟ್ಟಿನ ನಡುವೆಯೂ ಮಗನ ಒಲವನ್ನು ಅರಿತು ಬೆಂಬಲಿಸಿದ ತಂದೆಯನ್ನು ಅವರು ಕೊನೆಯವರೆಗೂ ಕೃತಜ್ಞತೆಯಿಂದ ನೆನೆಯುತ್ತಿದ್ದರು.

ಸಂಗೀತದಿಂದ ಛಾಯಾಗ್ರಹಣಕ್ಕೆ

ಹನ್ನೆರಡನೆಯ ವಯಸ್ಸಿನಲ್ಲಿ ಆಡಮ್ಸ್ ತಾವಾಗಿಯೇ ಪಿಯಾನೊ ನುಡಿಸಲು ಕಲಿತರು. ನಂತರ ಗುರುಗಳ ಬಳಿ ಕಟ್ಟುನಿಟ್ಟಿನ ಶಿಕ್ಷಣ ಪಡೆದರು. ಒಂದೊಂದು ಸ್ವರವೂ ಸ್ಪಷ್ಟವಾಗುವವರೆಗೆ ಮತ್ತೆ ಮತ್ತೆ ನುಡಿಸುವ ಅಭ್ಯಾಸ ಅವರಿಗೆ ಶಿಸ್ತನ್ನು ಕಲಿಸಿತು. ಹತ್ತು ವರ್ಷಗಳಿಗೂ ಮಿಕ್ಕಿ ಅವರು ಕಛೇರಿ ನೀಡುವ ಪಿಯಾನೊ ವಾದಕರಾಗಬೇಕೆಂದೇ ಸಾಧನೆ ಮಾಡಿದರು.

೧೯೧೬ರಲ್ಲಿ ಕುಟುಂಬದೊಡನೆ ಮೊದಲ ಬಾರಿಗೆ ಯೊಸೆಮಿಟಿಗೆ ಹೋದಾಗ ತಂದೆ ಒಂದು ಕೊಡಕ್ ಬ್ರೌನಿ ಕ್ಯಾಮೆರಾ ಕೊಟ್ಟರು. ಸರಳವಾದ ಪೆಟ್ಟಿಗೆಯಂತಹ ಆ ಕ್ಯಾಮೆರಾದಿಂದ ತೆಗೆದ ಚಿತ್ರಗಳೇ ಮೊದಲ ಪ್ರಯತ್ನಗಳು. ಆ ನಂತರ ಬದುಕಿನುದ್ದಕ್ಕೂ ಅವರು ಯೊಸೆಮಿಟಿಗೆ ಹೋಗದ ವರ್ಷವಿಲ್ಲ. ಊರಿಗೆ ಮರಳಿದ ಮೇಲೆ ಒಬ್ಬ ಫೋಟೋ ಸಂಸ್ಕರಣಕಾರರ ಬಳಿ ಅರೆಕಾಲಿಕ ಕೆಲಸಕ್ಕೆ ಸೇರಿ ಕತ್ತಲೆ ಕೋಣೆಯ ಪ್ರಾಥಮಿಕ ಪಾಠಗಳನ್ನು ಕಲಿತರು. ೧೯೧೯ರಲ್ಲಿ ನಿಸರ್ಗ ಸಂರಕ್ಷಣೆಗೆ ಹೆಸರಾದ ಸಿಯೆರಾ ಕ್ಲಬ್ ಸೇರಿದರು. ಮುಂದಿನ ನಾಲ್ಕು ಬೇಸಗೆಗಳಲ್ಲಿ ಯೊಸೆಮಿಟಿಯಲ್ಲಿ ಆ ಸಂಸ್ಥೆಗೆ ಸೇರಿದ ಲೆಕಾಂಟ್ ಸ್ಮಾರಕ ಭವನದ ಮೇಲ್ವಿಚಾರಕರಾಗಿದ್ದರು.

ಕಣಿವೆಯಲ್ಲಿ ಹ್ಯಾರಿ ಬೆಸ್ಟ್ ಎಂಬ ಚಿತ್ರಕಾರರ ಸ್ಟುಡಿಯೊ ಇತ್ತು. ಅಲ್ಲಿದ್ದ ಪಿಯಾನೊದಲ್ಲಿ ಅಭ್ಯಾಸ ಮಾಡಲು ಹೋಗುತ್ತಿದ್ದ ಆಡಮ್ಸರಿಗೆ ಬೆಸ್ಟ್ ಅವರ ಪುತ್ರಿ ವರ್ಜೀನಿಯಾ ಪರಿಚಯವಾದರು. ೧೯೨೮ರ ಜನವರಿಯಲ್ಲಿ ಅವರ ವಿವಾಹ ನಡೆಯಿತು. ದಂಪತಿಗಳಿಗೆ ಮೈಕೆಲ್ ಮತ್ತು ಆ್ಯನ್ ಎಂಬ ಇಬ್ಬರು ಮಕ್ಕಳು. ಮಾವನವರ ನಿಧನಾನಂತರ ಕುಟುಂಬದ ಕೈಗೆ ಬಂದ ಆ ಸ್ಟುಡಿಯೊ ಇಂದು ಆನ್ಸೆಲ್ ಆಡಮ್ಸ್ ಗ್ಯಾಲರಿ ಎಂಬ ಹೆಸರಿನಲ್ಲಿದೆ.

ಸ್ಯಾನ್ ಫ್ರಾನ್ಸಿಸ್ಕೊದ ಕಲಾಪೋಷಕ ಆಲ್ಬರ್ಟ್ ಬೆಂಡರ್ ಅವರ ನೆರವಿನಿಂದ ೧೯೨೭ರಲ್ಲಿ ೧೮ ಚಿತ್ರಗಳ ಮೊದಲ ಸಂಪುಟ ಹೊರಬಂತು. ಆದರೂ ಸಂಗೀತವೋ ಛಾಯಾಗ್ರಹಣವೋ ಎಂಬ ಹೊಯ್ದಾಟ ಮುಗಿದಿರಲಿಲ್ಲ. ೧೯೩೦ರಲ್ಲಿ ನ್ಯೂ ಮೆಕ್ಸಿಕೊದ ಟಾವೋಸ್ ಎಂಬಲ್ಲಿ ಛಾಯಾಗ್ರಾಹಕ ಪಾಲ್ ಸ್ಟ್ರ್ಯಾಂಡ್ ಭೇಟಿಯಾದರು. ತೋರಿಸಲು ಪ್ರಿಂಟ್‌ಗಳಿಲ್ಲದ ಕಾರಣ ಸ್ಟ್ರ್ಯಾಂಡ್ ತಮ್ಮ ನೆಗೆಟಿವ್‌ಗಳನ್ನೇ ಬಿಳಿಯ ಕಾಗದದ ಮುಂದೆ ಹಿಡಿದು ತೋರಿಸಿದರು. ಆ ನೆಗೆಟಿವ್‌ಗಳ ಪರಿಪೂರ್ಣತೆಯನ್ನು ಕಂಡ ಆಡಮ್ಸ್ ಛಾಯಾಗ್ರಹಣವೇ ತಮ್ಮ ವೃತ್ತಿಯೆಂದು ನಿರ್ಧರಿಸಿದರು. ಪಿಯಾನೊ ಬಿಡಬಾರದೆಂದು ತಾಯಿ ಕೇಳಿಕೊಂಡರೂ ನಿರ್ಧಾರ ಬದಲಾಗಲಿಲ್ಲ.

ಮಾನೊಲಿತ್ ಚಿತ್ರ ಮತ್ತು ಪೂರ್ವದರ್ಶನ

ಯೊಸೆಮಿಟಿಯ ಹಾಫ್ ಡೋಮ್ ಎಂಬ ಬೃಹತ್ ಬಂಡೆಬೆಟ್ಟದ ಕಡಿದಾದ ಮುಖವನ್ನು ತೋರಿಸುವ 'ಮಾನೊಲಿತ್' ಚಿತ್ರ (೧೯೨೭) ಆಡಮ್ಸರ ಬೆಳವಣಿಗೆಯಲ್ಲಿ ಒಂದು ತಿರುವು. ಆ ವರ್ಷದ ಏಪ್ರಿಲ್‌ನಲ್ಲಿ ವರ್ಜೀನಿಯಾ ಮತ್ತು ಗೆಳೆಯರೊಡನೆ ಹಿಮದ ನಡುವೆ ಬೆಟ್ಟ ಹತ್ತಿ, ಡೈವಿಂಗ್ ಬೋರ್ಡ್ ಎಂಬ ಚಾಚುಬಂಡೆಯನ್ನು ತಲುಪಿದರು. ಭಾರವಾದ ಕ್ಯಾಮೆರಾ, ತ್ರಿಪಾದಿ ಮತ್ತು ೧೨ ಗಾಜಿನ ಫಲಕಗಳನ್ನು ಹೊತ್ತೊಯ್ದಿದ್ದರು. ಬಂಡೆಯ ಮೇಲೆ ಬೆಳಕು ಸರಿಯಾಗಿ ಬೀಳುವ ಹೊತ್ತಿಗೆ ಉಳಿದಿದ್ದು ಎರಡೇ ಫಲಕಗಳು. ಮೊದಲನೆಯದಕ್ಕೆ ರೂಢಿಯಂತೆ ಹಳದಿ ಫಿಲ್ಟರ್ ಬಳಸಿದರು. ಆದರೆ ಅದರಲ್ಲಿ ಆಕಾಶ ಸಾಧಾರಣ ಬೂದುಬಣ್ಣಕ್ಕೆ ಬರುತ್ತದೆಯೇ ಹೊರತು, ಆ ಬಂಡೆಯ ಮುಂದೆ ನಿಂತಾಗ ತಮಗಾದ ಗಂಭೀರ ಅನುಭವ ಮೂಡುವುದಿಲ್ಲವೆಂದು ಹೊಳೆಯಿತು. ಕೊನೆಯ ಫಲಕಕ್ಕೆ ಗಾಢ ಕೆಂಪು ಫಿಲ್ಟರ್ ಹಾಕಿದರು. ಕೆಂಪು ಫಿಲ್ಟರ್ ಆಕಾಶದ ನೀಲಿ ಬೆಳಕನ್ನು ತಡೆಯುವುದರಿಂದ ಚಿತ್ರದಲ್ಲಿ ಆಕಾಶ ಬಹುಮಟ್ಟಿಗೆ ಕಪ್ಪಾಯಿತು, ಹಿಮ ಮತ್ತು ಬಂಡೆ ಅದರೆದುರು ಎದ್ದು ನಿಂತವು.

ಗುಂಡಿ ಒತ್ತುವ ಮೊದಲೇ ಅಂತಿಮ ಪ್ರಿಂಟ್ ಹೇಗಿರಬೇಕೆಂದು ಮನಸ್ಸಿನಲ್ಲಿ ಕಾಣುವ ಈ ಕ್ರಮವನ್ನು ಆಡಮ್ಸ್ ಮುಂದೆ ತಮ್ಮ ಬೋಧನೆಯ ತಿರುಳನ್ನಾಗಿ ಮಾಡಿಕೊಂಡರು. ಇದನ್ನು ಪೂರ್ವದರ್ಶನ ಎನ್ನಬಹುದು.

ಎಫ್/೬೪ ಗುಂಪು

ಆ ಕಾಲದ ಕಲಾತ್ಮಕ ಛಾಯಾಗ್ರಹಣವು ವರ್ಣಚಿತ್ರವನ್ನು ಅನುಕರಿಸುತ್ತಿತ್ತು. ಮೃದುವಾದ ಮಸೂರ, ಒರಟಾದ ಕಾಗದ, ಕೈಯಿಂದ ತಿದ್ದಿದ ಮೇಲ್ಮೈ ಇವು ಅದರ ಲಕ್ಷಣಗಳು. ಇದನ್ನು ವಿರೋಧಿಸಿ ೧೯೩೨ರಲ್ಲಿ ಆಡಮ್ಸ್, ಎಡ್ವರ್ಡ್ ವೆಸ್ಟನ್, ಇಮೊಜೆನ್ ಕನಿಂಗ್‌ಹ್ಯಾಮ್, ವಿಲ್ಲರ್ಡ್ ವ್ಯಾನ್ ಡೈಕ್ ಮೊದಲಾದವರು ಎಫ್/೬೪ ಎಂಬ ಗುಂಪನ್ನು ಕಟ್ಟಿದರು. ಮಸೂರದ ಅತಿ ಚಿಕ್ಕ ರಂಧ್ರದ ಅಳತೆಯೇ ಗುಂಪಿನ ಹೆಸರು. ರಂಧ್ರ ಚಿಕ್ಕದಾದಷ್ಟೂ ಹತ್ತಿರದ ಕಲ್ಲಿನಿಂದ ದೂರದ ಶಿಖರದವರೆಗೆ ಎಲ್ಲವೂ ಸ್ಪಷ್ಟವಾಗಿ ಮೂಡುತ್ತದೆ. ಛಾಯಾಚಿತ್ರವು ಛಾಯಾಚಿತ್ರದಂತೆಯೇ ಕಾಣಬೇಕು ಎಂಬುದು ಗುಂಪಿನ ಧ್ಯೇಯ. ಅದೇ ವರ್ಷ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಡಿ ಯಂಗ್ ವಸ್ತುಸಂಗ್ರಹಾಲಯದಲ್ಲಿ ಗುಂಪಿನ ಪ್ರದರ್ಶನ ನಡೆಯಿತು. ಗುಂಪು ಹೆಚ್ಚು ಕಾಲ ಬಾಳಲಿಲ್ಲವಾದರೂ ಅದರ ಪ್ರಭಾವ ದೊಡ್ಡದು.

೧೯೩೩ರಲ್ಲಿ ಆಡಮ್ಸ್ ನ್ಯೂಯಾರ್ಕಿನಲ್ಲಿ ಹಿರಿಯ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಜ್ ಅವರನ್ನು ಕಂಡರು. ೧೯೩೬ರಲ್ಲಿ ಸ್ಟೀಗ್ಲಿಟ್ಜ್ ತಮ್ಮ ಗ್ಯಾಲರಿಯಲ್ಲಿ ಆಡಮ್ಸರ ಏಕವ್ಯಕ್ತಿ ಪ್ರದರ್ಶನ ಏರ್ಪಡಿಸಿದರು. ಮರುವರ್ಷ ಯೊಸೆಮಿಟಿಯ ಕತ್ತಲೆ ಕೋಣೆಗೆ ಬೆಂಕಿ ಬಿದ್ದು ಸುಮಾರು ೫,೦೦೦ ನೆಗೆಟಿವ್‌ಗಳು ನಾಶವಾದವು.

ವಲಯ ಪದ್ಧತಿ

ಲಾಸ್ ಏಂಜಲೀಸ್‌ನ ಆರ್ಟ್ ಸೆಂಟರ್ ಶಾಲೆಯಲ್ಲಿ ಬೋಧಿಸುತ್ತಿದ್ದಾಗ, ೧೯೩೯–೪೦ರ ಸುಮಾರಿಗೆ, ಆಡಮ್ಸ್ ತಮ್ಮ ಸಹೋದ್ಯೋಗಿ ಫ್ರೆಡ್ ಆರ್ಚರ್ ಅವರೊಡನೆ ಜೋನ್ ಸಿಸ್ಟಮ್ ಎಂದು ಪ್ರಸಿದ್ಧವಾದ ವಲಯ ಪದ್ಧತಿಯನ್ನು ರೂಪಿಸಿದರು. ಇದರಲ್ಲಿ ಅಚ್ಚ ಕಪ್ಪಿನಿಂದ ಕಾಗದದ ಅಚ್ಚ ಬಿಳುಪಿನವರೆಗೆ ಸೊನ್ನೆಯಿಂದ ಹತ್ತರ ತನಕ ೧೧ ವಲಯಗಳಿವೆ. ಒಂದು ವಲಯದಿಂದ ಮುಂದಿನ ವಲಯಕ್ಕೆ ಫಿಲ್ಮ್‌ಗೆ ಬೀಳುವ ಬೆಳಕು ಎರಡು ಪಟ್ಟಾಗುತ್ತದೆ. ಐದನೆಯ ವಲಯ ನಡುಬೂದು.

ಬೆಳಕು ಅಳೆಯುವ ಲೈಟ್ ಮೀಟರ್ ತಾನು ಕಾಣುವ ಪ್ರತಿಯೊಂದನ್ನೂ ನಡುಬೂದು ಎಂದೇ ಭಾವಿಸುತ್ತದೆ. ಹಿಮವನ್ನು ಅಳೆದು ಅದು ಹೇಳಿದಂತೆಯೇ ಚಿತ್ರ ತೆಗೆದರೆ ಹಿಮ ಬೂದುಬಣ್ಣಕ್ಕೆ ತಿರುಗುತ್ತದೆ, ಕಪ್ಪು ಬಂಡೆಯನ್ನು ಅಳೆದರೆ ಅದೂ ಬೂದುಬಣ್ಣವೇ ಆಗುತ್ತದೆ. ಆದ್ದರಿಂದ ದೃಶ್ಯದ ಯಾವ ಭಾಗ ಯಾವ ವಲಯದಲ್ಲಿರಬೇಕೆಂದು ಛಾಯಾಗ್ರಾಹಕನೇ ನಿರ್ಧರಿಸಬೇಕು. ವಿವರ ಕಾಣಬೇಕಾದ ನೆರಳಿನ ಭಾಗವನ್ನು ಮೂರನೆಯ ವಲಯದಲ್ಲಿಟ್ಟು ಬೆಳಕಿನ ಪ್ರಮಾಣ ಗೊತ್ತುಮಾಡಿಕೊಳ್ಳುವುದು ವಾಡಿಕೆ. ಬಳಿಕ ಉಜ್ವಲ ಭಾಗಗಳು ಎಲ್ಲಿ ಬೀಳುತ್ತವೆ ಎಂಬುದನ್ನು ನೋಡಿ, ನೆಗೆಟಿವ್ ಅನ್ನು ಡೆವಲಪರ್ ದ್ರಾವಣದಲ್ಲಿ ಎಷ್ಟು ಹೊತ್ತು ಇಡಬೇಕೆಂದು ತೀರ್ಮಾನಿಸಲಾಗುತ್ತದೆ. ಹೆಚ್ಚು ಹೊತ್ತು ಇಟ್ಟರೆ ಉಜ್ವಲ ಭಾಗಗಳು ಮತ್ತಷ್ಟು ಬೆಳಗುತ್ತವೆ, ಕಡಿಮೆ ಹೊತ್ತು ಇಟ್ಟರೆ ಅವು ಹದಕ್ಕೆ ಬರುತ್ತವೆ. ನೆರಳಿನ ಭಾಗಗಳಲ್ಲಿ ಆಗುವ ವ್ಯತ್ಯಾಸ ಅಲ್ಪ. ಆಡಮ್ಸ್ ಬಳಸುತ್ತಿದ್ದ ದೊಡ್ಡ ಕ್ಯಾಮೆರಾಗಳಲ್ಲಿ ಒಂದೊಂದು ಚಿತ್ರಕ್ಕೂ ಒಂದೊಂದು ಬಿಡಿ ಫಿಲ್ಮ್ ಹಾಳೆ ಇರುತ್ತಿದ್ದುದರಿಂದ, ಪ್ರತಿಯೊಂದನ್ನೂ ಅದರದರ ಅಗತ್ಯದಂತೆ ಸಂಸ್ಕರಿಸಲು ಸಾಧ್ಯವಾಗುತ್ತಿತ್ತು.

ಹರ್ನಾಂಡೆಜ್‌ನ ಚಂದ್ರೋದಯ

ಆಡಮ್ಸರ ಅತ್ಯಂತ ಪ್ರಸಿದ್ಧ ಚಿತ್ರ 'ಮೂನ್‌ರೈಸ್, ಹರ್ನಾಂಡೆಜ್, ನ್ಯೂ ಮೆಕ್ಸಿಕೊ' (೧೯೪೧). ಅಮೆರಿಕ ಸರ್ಕಾರದ ಒಳಾಡಳಿತ ಇಲಾಖೆಗೆ ಭಿತ್ತಿಚಿತ್ರಗಳನ್ನು ಸಿದ್ಧಪಡಿಸುವ ಕೆಲಸದ ಮೇಲೆ ಅವರು ಆಗ ಪಶ್ಚಿಮ ರಾಜ್ಯಗಳಲ್ಲಿ ಸಂಚರಿಸುತ್ತಿದ್ದರು. ಒಂದು ಸಂಜೆ ಮಗ ಮೈಕೆಲ್ ಮತ್ತು ಗೆಳೆಯ ಸೆಡ್ರಿಕ್ ರೈಟ್ ಜೊತೆಗೆ ಕಾರಿನಲ್ಲಿ ಮರಳುವಾಗ, ಹರ್ನಾಂಡೆಜ್ ಹಳ್ಳಿಯ ಮೇಲೆ ಚಂದ್ರ ಮೂಡಿತ್ತು. ಮುಳುಗುವ ಸೂರ್ಯನ ಬೆಳಕು ಚರ್ಚಿನ ಹಿಂದಿನ ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಬೀಳುತ್ತಿತ್ತು. ಅವರು ತಟ್ಟನೆ ಕಾರು ನಿಲ್ಲಿಸಿ ದೊಡ್ಡ ಕ್ಯಾಮೆರಾವನ್ನು ಜೋಡಿಸಿದರು. ಆದರೆ ಅವಸರದಲ್ಲಿ ಲೈಟ್ ಮೀಟರ್ ಸಿಗಲಿಲ್ಲ. ಚಂದ್ರನ ಪ್ರಕಾಶ ಚದರ ಅಡಿಗೆ ೨೫೦ ಕ್ಯಾಂಡಲ್ ಎಂಬ ಸಂಗತಿ ಅವರಿಗೆ ನೆನಪಿತ್ತು. ಚಂದ್ರನನ್ನು ಏಳನೆಯ ವಲಯದಲ್ಲಿಟ್ಟು ಲೆಕ್ಕ ಹಾಕಿ, ಎಫ್/೩೨ರಲ್ಲಿ ಒಂದು ಸೆಕೆಂಡ್ ಬೆಳಕು ನೀಡಿದರು. ಎರಡನೆಯ ಚಿತ್ರಕ್ಕೆ ಅಣಿಯಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಆರಿಹೋಯಿತು. ಹೀಗಾಗಿ ಈ ದೃಶ್ಯಕ್ಕೆ ಇರುವುದು ಒಂದೇ ನೆಗೆಟಿವ್.

ಆ ನೆಗೆಟಿವ್ ಸುಲಭದ್ದಾಗಿರಲಿಲ್ಲ. ಮುಂಭಾಗದ ಹಳ್ಳಿ ತೀರ ತೆಳುವಾಗಿ ಮೂಡಿತ್ತು. ೧೯೪೮ರಲ್ಲಿ ಆಡಮ್ಸ್ ಆ ಭಾಗವನ್ನು ರಾಸಾಯನಿಕದಿಂದ ಗಾಢಗೊಳಿಸಿದರು. ಮುಂದಿನ ದಶಕಗಳಲ್ಲಿ ಆ ಒಂದೇ ನೆಗೆಟಿವ್‌ನಿಂದ ೧,೩೦೦ಕ್ಕೂ ಹೆಚ್ಚು ಪ್ರಿಂಟ್‌ಗಳನ್ನು ಸ್ವತಃ ತಯಾರಿಸಿದರು. ಮೊದಲಿನ ಪ್ರಿಂಟ್‌ಗಳಲ್ಲಿ ಆಕಾಶ ಬೂದುಬಣ್ಣದ್ದು, ಅಲ್ಲಲ್ಲಿ ತೆಳುಮೋಡಗಳು ಕಾಣುತ್ತವೆ. ನಂತರದವುಗಳಲ್ಲಿ ಆಕಾಶ ಕಡುಕಪ್ಪಾಗುತ್ತಾ ಹೋಗಿ, ಚಂದ್ರನೂ ಶಿಲುಬೆಗಳೂ ಮಾತ್ರ ಹೊಳೆಯುತ್ತವೆ. ಅವರು ಚಿತ್ರಗಳ ದಿನಾಂಕ ಬರೆದಿಡುವುದರಲ್ಲಿ ಅಸಡ್ಡೆ ತೋರುತ್ತಿದ್ದುದರಿಂದ ಇದರ ವರ್ಷವೂ ಬಹಳ ಕಾಲ ಗೊಂದಲದಲ್ಲಿತ್ತು. ಚಂದ್ರನ ಸ್ಥಾನವನ್ನು ಗಣಿಸಿದ ಖಗೋಳತಜ್ಞರು ಕೊನೆಗೆ ೧೯೪೧ರ ನವೆಂಬರ್ ೧ರ ಸಂಜೆಯೆಂದು ನಿರ್ಧರಿಸಿದರು.

ಕತ್ತಲೆ ಕೋಣೆಯ ಕೆಲಸ

ಆಡಮ್ಸ್ ನೆಗೆಟಿವ್ ಅನ್ನು ಸಂಗೀತದ ಸ್ವರಲಿಪಿಗೂ ಪ್ರಿಂಟ್ ಅನ್ನು ಅದರ ವಾದನಕ್ಕೂ ಹೋಲಿಸುತ್ತಿದ್ದರು. ಒಂದೇ ಸ್ವರಲಿಪಿಯನ್ನು ಕಲಾವಿದ ಬೇರೆ ಬೇರೆ ವಯಸ್ಸಿನಲ್ಲಿ ಬೇರೆ ಬೇರೆಯಾಗಿ ನುಡಿಸುವಂತೆ, ಒಂದೇ ನೆಗೆಟಿವ್‌ನಿಂದ ಬಂದ ಪ್ರಿಂಟ್‌ಗಳೂ ಭಿನ್ನವಾಗಿರುತ್ತವೆ. ಚಂದ್ರೋದಯದ ಪ್ರಿಂಟ್‌ಗಳೇ ಇದಕ್ಕೆ ನಿದರ್ಶನ.

ಕತ್ತಲೆ ಕೋಣೆಯಲ್ಲಿ ನೆಗೆಟಿವ್ ಅನ್ನು ಎನ್ಲಾರ್ಜರ್ ಯಂತ್ರದಲ್ಲಿಟ್ಟು, ಅದರ ಮೂಲಕ ಬೆಳಕು ಹಾಯಿಸಿ, ಬೆಳ್ಳಿಯ ಲವಣ ಲೇಪಿತ ಕಾಗದದ ಮೇಲೆ ಬಿಂಬವನ್ನು ಬೀಳಿಸುತ್ತಾರೆ. ಮೊದಲು ಕಾಗದದ ಒಂದು ಪಟ್ಟಿಯನ್ನು ಬೇರೆ ಬೇರೆ ಅವಧಿಗೆ ಬೆಳಕಿಗೊಡ್ಡಿ ಪರೀಕ್ಷಿಸುತ್ತಾರೆ. ಬಳಿಕ ಇಡೀ ಹಾಳೆಗೆ ಬೆಳಕು ಕೊಡುವಾಗ, ಕಪ್ಪಾಗಬಾರದ ಭಾಗಕ್ಕೆ ತಂತಿಯ ತುದಿಗೆ ಅಂಟಿಸಿದ ರಟ್ಟಿನ ತುಂಡನ್ನು ಅಡ್ಡ ಹಿಡಿಯುತ್ತಾರೆ. ಇದಕ್ಕೆ ಡಾಡ್ಜಿಂಗ್ ಎಂದು ಹೆಸರು. ಹೆಚ್ಚು ಕಪ್ಪಾಗಬೇಕಾದ ಭಾಗಕ್ಕೆ ರಂಧ್ರವಿರುವ ರಟ್ಟಿನ ಮೂಲಕ ಮತ್ತಷ್ಟು ಬೆಳಕು ಬಿಡುತ್ತಾರೆ. ಇದು ಬರ್ನಿಂಗ್. ರಟ್ಟನ್ನು ಸದಾ ಅಲುಗಿಸುತ್ತಿರಬೇಕು, ಇಲ್ಲವಾದರೆ ಅಂಚಿನ ಗುರುತು ಉಳಿಯುತ್ತದೆ. ಈ ಕೈಚಳಕಕ್ಕೆ ಸೆಕೆಂಡುಗಳನ್ನು ಎಣಿಸಲು ಆಡಮ್ಸ್ ಗಡಿಯಾರದ ಬದಲು ಸಂಗೀತಗಾರರ ಮೆಟ್ರೊನೋಮ್ ಬಳಸುತ್ತಿದ್ದರು. ಅದರ ಸದ್ದನ್ನು ಕಿವಿಯಲ್ಲಿ ಕೇಳುತ್ತಾ, ಕಣ್ಣುಗಳನ್ನು ಕಾಗದದ ಮೇಲೆಯೇ ಇಡಬಹುದಾಗಿತ್ತು. ಅವರ ದೊಡ್ಡ ಎನ್ಲಾರ್ಜರ್‌ನಲ್ಲಿ ಸಾಲುಸಾಲು ದೀಪಗಳಿದ್ದು, ಅವುಗಳನ್ನು ಬಿಡಿಬಿಡಿಯಾಗಿ ಆರಿಸಿ ಬೆಳಕಿನ ಹಂಚಿಕೆಯನ್ನು ಹೊಂದಿಸುವ ವ್ಯವಸ್ಥೆಯಿತ್ತು.

ಬೆಳಕಿಗೊಡ್ಡಿದ ಕಾಗದವನ್ನು ಡೆವಲಪರ್‌ನಲ್ಲಿ ಅದ್ದಿದಾಗ ಚಿತ್ರ ನಿಧಾನವಾಗಿ ಮೂಡುತ್ತದೆ. ಆಮ್ಲದ ದ್ರಾವಣ ಆ ಕ್ರಿಯೆಯನ್ನು ನಿಲ್ಲಿಸುತ್ತದೆ, ಹೈಪೊ ದ್ರಾವಣ ಚಿತ್ರವನ್ನು ಸ್ಥಿರಗೊಳಿಸುತ್ತದೆ. ಆಡಮ್ಸ್ ನಂತರ ಸೆಲೀನಿಯಮ್ ದ್ರಾವಣದಲ್ಲಿ ಅದ್ದಿ, ನೀರಿನಲ್ಲಿ ಚೆನ್ನಾಗಿ ತೊಳೆಯುತ್ತಿದ್ದರು. ಸೆಲೀನಿಯಮ್‌ನಿಂದ ಕಪ್ಪು ಗಾಢವಾಗುವುದಲ್ಲದೆ ಚಿತ್ರದ ಬಾಳಿಕೆಯೂ ಹೆಚ್ಚುತ್ತದೆ. ಒದ್ದೆಯಾಗಿರುವಾಗ ಹೊಳೆಯುವ ಬಿಳುಪು ಒಣಗಿದ ಮೇಲೆ ಸ್ವಲ್ಪ ಮಂಕಾಗುವುದರಿಂದ, ಇಳಿವಯಸ್ಸಿನಲ್ಲಿ ಅವರು ಪರೀಕ್ಷಾ ಪ್ರಿಂಟ್‌ಗಳನ್ನು ಅಡುಗೆಮನೆಯ ಮೈಕ್ರೊವೇವ್ ಒಲೆಯಲ್ಲಿ ಒಣಗಿಸಿ ನೋಡುತ್ತಿದ್ದರು.

ಮಾಂಜನಾರ್

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರವು ಪಶ್ಚಿಮ ಕರಾವಳಿಯ ೧,೧೦,೦೦೦ಕ್ಕೂ ಹೆಚ್ಚು ಜಪಾನಿ ಮೂಲದವರನ್ನು ಮನೆಗಳಿಂದ ಎಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಿತು. ಅವರಲ್ಲಿ ಬಹುಪಾಲು ಜನ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಸಿಯೆರಾ ಪರ್ವತಗಳ ಪೂರ್ವದ ಬುಡದಲ್ಲಿದ್ದ ಮಾಂಜನಾರ್ ಶಿಬಿರಕ್ಕೆ ಆಡಮ್ಸ್ ೧೯೪೩–೪೪ರಲ್ಲಿ ಹಲವು ಬಾರಿ ಹೋಗಿ ಅಲ್ಲಿನ ರೈತರು, ದಾದಿಯರು, ವಿದ್ಯಾರ್ಥಿಗಳು, ಪತ್ರಕರ್ತರು ಮೊದಲಾದವರ ಚಿತ್ರಗಳನ್ನು ತೆಗೆದರು. ಕಾವಲು ಗೋಪುರ ಮತ್ತು ಮುಳ್ಳುತಂತಿಯ ಚಿತ್ರ ತೆಗೆಯಲು ಅನುಮತಿಯಿರಲಿಲ್ಲ. ೧೯೪೪ರಲ್ಲಿ ಈ ಚಿತ್ರಗಳು ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡು, 'ಬಾರ್ನ್ ಫ್ರೀ ಅಂಡ್ ಈಕ್ವಲ್' ಎಂಬ ಪುಸ್ತಕವಾಗಿಯೂ ಬಂದವು. ಯುದ್ಧದ ಆವೇಶದ ದಿನಗಳಲ್ಲಿ ಶತ್ರುದೇಶದ ಮೂಲದವರನ್ನು ಸಹಪ್ರಜೆಗಳೆಂದು ತೋರಿಸಿದ್ದಕ್ಕೆ ಅವರು ವಿರೋಧ ಎದುರಿಸಬೇಕಾಯಿತು. ೧೯೬೫ರಲ್ಲಿ ಈ ಸಂಗ್ರಹವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಡುಗೆಯಾಗಿ ನೀಡಲು ಆರಂಭಿಸಿದರು.

ನಿಸರ್ಗ ಸಂರಕ್ಷಣೆ

ಆಡಮ್ಸ್ ೧೯೩೪ರಿಂದ ೧೯೭೧ರವರೆಗೆ ೩೭ ವರ್ಷ ಸಿಯೆರಾ ಕ್ಲಬ್‌ನ ನಿರ್ದೇಶಕ ಮಂಡಳಿಯಲ್ಲಿದ್ದರು. ಕಿಂಗ್ಸ್ ನದಿಯ ಕಣಿವೆ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವಾಗಿ ಘೋಷಿಸಬೇಕೆಂದು ೧೯೩೬ರಲ್ಲಿ ಚಿತ್ರಗಳೊಡನೆ ವಾಷಿಂಗ್ಟನ್‌ಗೆ ಹೋಗಿ ಜನಪ್ರತಿನಿಧಿಗಳನ್ನು ಕಂಡರು. ೧೯೩೮ರಲ್ಲಿ ಪ್ರಕಟವಾದ ಅವರ ಸಿಯೆರಾ ನೆವಾಡ ಕುರಿತ ಚಿತ್ರಗ್ರಂಥ ಒಳಾಡಳಿತ ಸಚಿವ ಹೆರಾಲ್ಡ್ ಇಕೀಸ್ ಅವರ ಮೂಲಕ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಕೈಸೇರಿತು. ೧೯೪೦ರಲ್ಲಿ ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನ ಅಸ್ತಿತ್ವಕ್ಕೆ ಬಂತು. ೧೯೫೦ರ ದಶಕದಲ್ಲಿ ಯೊಸೆಮಿಟಿಯ ಟಯೋಗ ರಸ್ತೆಯನ್ನು ಅಗಲಗೊಳಿಸಲು ಬಂಡೆಗಳನ್ನು ಸಿಡಿಸಿದಾಗ ಬಲವಾಗಿ ಪ್ರತಿಭಟಿಸಿದರು. ೧೯೮೩ರಲ್ಲಿ, ತಮ್ಮ ೮೧ನೆಯ ವಯಸ್ಸಿನಲ್ಲಿ, ಅಧ್ಯಕ್ಷ ರೊನಾಲ್ಡ್ ರೇಗನ್ ಅವರನ್ನು ಭೇಟಿಯಾಗಿ ಸರ್ಕಾರದ ಪರಿಸರ ನೀತಿಯ ಬಗ್ಗೆ ತಮ್ಮ ಅಸಮಾಧಾನವನ್ನು ತಿಳಿಸಿದರು.

ಬೋಧನೆ ಮತ್ತು ಸಂಸ್ಥೆಗಳು

೧೯೪೦ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದಲ್ಲಿ ಛಾಯಾಗ್ರಹಣ ವಿಭಾಗ ಆರಂಭವಾಗಲು ಬೋಮಾಂಟ್ ನ್ಯೂಹಾಲ್ ಮತ್ತು ಡೇವಿಡ್ ಮೆಕಾಲ್ಪಿನ್ ಅವರೊಡನೆ ಆಡಮ್ಸ್ ಶ್ರಮಿಸಿದರು. ೧೯೪೬ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ಲಲಿತಕಲಾ ಶಾಲೆಯಲ್ಲಿ ಛಾಯಾಗ್ರಹಣ ವಿಭಾಗವನ್ನು ಸ್ಥಾಪಿಸಿದರು. ಅದೇ ವರ್ಷ ರಾಷ್ಟ್ರೀಯ ಉದ್ಯಾನಗಳ ಚಿತ್ರಣಕ್ಕಾಗಿ ಗುಗನ್‌ಹೈಮ್ ಫೆಲೊಶಿಪ್ ದೊರೆಯಿತು. ೧೯೪೯ರಿಂದ ಪೋಲರಾಯ್ಡ್ ಸಂಸ್ಥೆಯ ಸಲಹೆಗಾರರಾಗಿದ್ದರು. ೧೯೫೨ರಲ್ಲಿ ಆರಂಭವಾದ 'ಅಪರ್ಚರ್' ಪತ್ರಿಕೆಯ ಸ್ಥಾಪಕರಲ್ಲಿ ಒಬ್ಬರು. ೧೯೫೫ರಿಂದ ಹಲವು ವರ್ಷ ಯೊಸೆಮಿಟಿಯಲ್ಲಿ ಕಾರ್ಯಾಗಾರಗಳನ್ನು ನಡೆಸಿದರು. ೧೯೭೫ರಲ್ಲಿ ಟೂಸಾನ್‌ನ ಅರಿಜೋನ ವಿಶ್ವವಿದ್ಯಾಲಯದಲ್ಲಿ ಸೃಜನಶೀಲ ಛಾಯಾಗ್ರಹಣ ಕೇಂದ್ರದ ಸ್ಥಾಪನೆಗೆ ಕಾರಣರಾದರು. ಅವರ ನೆಗೆಟಿವ್‌ಗಳು ಮತ್ತು ಪತ್ರಗಳು ಈಗ ಅಲ್ಲಿವೆ.

ಇಷ್ಟೆಲ್ಲ ಹೆಸರಿದ್ದರೂ ಕಲಾಚಿತ್ರಗಳ ಮಾರಾಟದಿಂದಲೇ ಜೀವನ ಸಾಗುವ ಸ್ಥಿತಿ ಬಹುಕಾಲ ಇರಲಿಲ್ಲ. ಕೊಡಕ್ ಕಂಪನಿ, 'ಫಾರ್ಚೂನ್' ಪತ್ರಿಕೆ ಮೊದಲಾದವುಗಳಿಗೆ ವಾಣಿಜ್ಯ ಚಿತ್ರಗಳನ್ನು ತೆಗೆದುಕೊಟ್ಟು ಸಂಸಾರ ನಡೆಸಬೇಕಾಗಿತ್ತು. ೧೯೭೦ರ ದಶಕದಲ್ಲಿ ಮಾತ್ರ ಅವರ ಪ್ರಿಂಟ್‌ಗಳಿಗೆ ದೊಡ್ಡ ಬೇಡಿಕೆ ಬಂದಿತು.

ಟೀಕೆ ಮತ್ತು ಚರ್ಚೆ

ಆರ್ಥಿಕ ಮುಗ್ಗಟ್ಟಿನ ೧೯೩೦ರ ದಶಕದಲ್ಲಿ ಜನರ ಕಷ್ಟಗಳನ್ನು ಬಿಟ್ಟು ಬಂಡೆಗಳ ಚಿತ್ರ ತೆಗೆಯುತ್ತಾರೆಂಬ ಆಕ್ಷೇಪ ಆಡಮ್ಸರ ಮೇಲೆ ಬಂದಿತ್ತು. ಮನುಷ್ಯರಿಲ್ಲದ ಅವರ ಯೊಸೆಮಿಟಿಯಲ್ಲಿ, ಶತಮಾನಗಳಿಂದ ಅಲ್ಲಿದ್ದು ೧೯ನೆಯ ಶತಮಾನದಲ್ಲಿ ಹೊರದೂಡಲ್ಪಟ್ಟ ಮೂಲನಿವಾಸಿಗಳ ಇತಿಹಾಸ ಕಾಣುವುದಿಲ್ಲವೆಂದು ನಂತರದ ವಿಮರ್ಶಕರು ಹೇಳಿದ್ದಾರೆ.

ಮತ್ತೊಂದು ಚರ್ಚೆ ಸತ್ಯದ ಕುರಿತಾದದ್ದು. ಛಾಯಾಚಿತ್ರವನ್ನು ಕೈಯಿಂದ ತಿದ್ದಬಾರದೆಂದು ಹೊರಟ ಗುಂಪಿನ ಸದಸ್ಯರೇ ಕತ್ತಲೆ ಕೋಣೆಯಲ್ಲಿ ಹಗಲಿನ ಆಕಾಶವನ್ನು ಕಪ್ಪಾಗಿಸಬಹುದೇ ಎಂಬುದು ಪ್ರಶ್ನೆ. ತಮ್ಮ ಚಿತ್ರಗಳು ದೃಶ್ಯದ ಯಥಾಪ್ರತಿಗಳಲ್ಲ, ತಮಗಾದ ಅನುಭವಕ್ಕೆ ಸಮಾನವಾದ ರೂಪಗಳು ಎಂಬುದು ಆಡಮ್ಸರ ಉತ್ತರವಾಗಿತ್ತು. ಬೆಳಕು-ನೆರಳಿನ ಹದವನ್ನು ಬದಲಿಸುವುದಕ್ಕೂ ಇಲ್ಲದ ವಸ್ತುವನ್ನು ಸೇರಿಸುವುದಕ್ಕೂ ಅವರು ಭೇದ ಕಾಣುತ್ತಿದ್ದರು. ಆದರೂ ಲೋನ್ ಪೈನ್ ಊರಿನಿಂದ ತೆಗೆದ 'ವಿಂಟರ್ ಸನ್‌ರೈಸ್' (೧೯೪೪) ಚಿತ್ರದಲ್ಲಿ, ಅಲ್ಲಿನ ಶಾಲಾ ವಿದ್ಯಾರ್ಥಿಗಳು ಬೆಟ್ಟದ ಮೇಲೆ ಬಿಳಿ ಕಲ್ಲುಗಳಿಂದ ಬರೆದಿದ್ದ ಊರಿನ ಹೆಸರಿನ ಎರಡು ದೊಡ್ಡ ಅಕ್ಷರಗಳನ್ನು ಅವರು ಅಳಿಸಿದರು. ಇದನ್ನು ತಾವೇ ಬಹಿರಂಗವಾಗಿ ಬರೆದು ಸಮರ್ಥಿಸಿಕೊಂಡರು. ಗಣಕಯಂತ್ರದಲ್ಲಿ ಚಿತ್ರಗಳನ್ನು ತಿದ್ದುವ ಇಂದಿನ ಕಾಲದಲ್ಲಿಯೂ ಈ ಚರ್ಚೆ ಪ್ರಸ್ತುತವಾಗಿದೆ.

ಪುರಸ್ಕಾರಗಳು, ನಿಧನ ಮತ್ತು ಸ್ಮರಣೆ

೧೯೭೪ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ಆಡಮ್ಸರ ಸಮಗ್ರ ಪ್ರದರ್ಶನ ಏರ್ಪಡಿಸಿತು. ೧೯೭೭ರಲ್ಲಿ ಉಡಾಯಿಸಿದ ವಾಯೇಜರ್ ನೌಕೆಗಳ ಚಿನ್ನದ ಫಲಕದಲ್ಲಿ ಅಡಕಗೊಳಿಸಿದ ಚಿತ್ರಗಳಲ್ಲಿ ಅವರ ಟೀಟನ್ ಪರ್ವತ ಮತ್ತು ಸ್ನೇಕ್ ನದಿಯ ಚಿತ್ರವೂ (೧೯೪೨) ಸೇರಿದೆ. ೧೯೮೦ರಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವಾದ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕವೂ, ೧೯೮೧ರಲ್ಲಿ ಹ್ಯಾಸಲ್‌ಬ್ಲಾಡ್ ಪ್ರಶಸ್ತಿಯೂ ದೊರೆತವು.

೧೯೬೨ರಿಂದ ಕ್ಯಾಲಿಫೋರ್ನಿಯಾದ ಕಾರ್ಮೆಲ್ ಬಳಿ, ವಿಶಾಲವಾದ ಕತ್ತಲೆ ಕೋಣೆಯಿದ್ದ ಮನೆಯಲ್ಲಿ ಆಡಮ್ಸ್ ವಾಸವಾಗಿದ್ದರು. ೧೯೮೪ರ ಏಪ್ರಿಲ್ ೨೨ರಂದು ಮಾಂಟೆರೆಯಲ್ಲಿ ನಿಧನರಾದರು. ಆಗ ಅವರಿಗೆ ೮೨ ವರ್ಷ. ಅದೇ ವರ್ಷ ಸಿಯೆರಾದ ಒಂದು ಸಂರಕ್ಷಿತ ವನ್ಯಪ್ರದೇಶಕ್ಕೆ ಅವರ ಹೆಸರಿಡಲಾಯಿತು. ೧೯೮೫ರಲ್ಲಿ ಯೊಸೆಮಿಟಿಯ ಒಂದು ಶಿಖರ ಮೌಂಟ್ ಆನ್ಸೆಲ್ ಆಡಮ್ಸ್ ಆಯಿತು. ಅವರ ಆತ್ಮಕಥೆ ಪ್ರಕಟವಾದದ್ದೂ ಅದೇ ವರ್ಷ.

ಪ್ರಮುಖ ಗ್ರಂಥಗಳು

- ಟಾವೋಸ್ ಪ್ವೆಬ್ಲೊ (ಮೇರಿ ಆಸ್ಟಿನ್ ಅವರೊಡನೆ, ೧೯೩೦)
- ಮೇಕಿಂಗ್ ಎ ಫೋಟೋಗ್ರಾಫ್ (೧೯೩೫)
- ಸಿಯೆರಾ ನೆವಾಡ: ದಿ ಜಾನ್ ಮ್ಯೂರ್ ಟ್ರೇಲ್ (೧೯೩೮)
- ಬಾರ್ನ್ ಫ್ರೀ ಅಂಡ್ ಈಕ್ವಲ್ (೧೯೪೪)
- ದಿಸ್ ಈಸ್ ದಿ ಅಮೆರಿಕನ್ ಅರ್ಥ್ (ನ್ಯಾನ್ಸಿ ನ್ಯೂಹಾಲ್ಅವರೊಡನೆ, ೧೯೬೦)
- ಯೊಸೆಮಿಟಿ ಅಂಡ್ ದಿ ರೇಂಜ್ ಆಫ್ ಲೈಟ್ (೧೯೭೯)
- ದಿ ಕ್ಯಾಮೆರಾ (೧೯೮೦), ದಿ ನೆಗೆಟಿವ್ (೧೯೮೧), ದಿ ಪ್ರಿಂಟ್ (೧೯೮೩)